ಗಿಟಾರ್‌ನ ಭಾರ ಮರದ್ದು, ನಾದ ಯಾರದ್ದು?

ಫೆಂಡರ್ ಸ್ಟ್ರ್ಯಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಸುಮಾರು 3.5 ಕೆಜಿ. ಗಿಬ್ಸನ್ ಲೆಸ್ ಪಾಲ್ ಸಾಮಾನ್ಯವಾಗಿ 4 ಕೆಜಿ ದಾಟುತ್ತದೆ. ಎರಡು ಗಂಟೆ ನಿಂತು ನುಡಿಸುವವರ ಭುಜವನ್ನು ಕೇಳಿ, ಆ ಅರ್ಧ ಕೆಜಿ ಏನೆಂದು ಹೇಳುತ್ತದೆ.

ಲೆಸ್ ಪಾಲ್‌ನ ಅಂಚನ್ನು ಹತ್ತಿರದಿಂದ ನೋಡಿ: ಕೆಳಗೆ ದಪ್ಪ ಮಹಾಗನಿ, ಮೇಲೆ ಗಟ್ಟಿ ಮೇಪಲ್ ಹೊದಿಕೆ. ಸ್ಟ್ರ್ಯಾಟ್‌ನದು ತೆಳ್ಳನೆಯ ಒಡಲು, ಹೆಚ್ಚಾಗಿ ಆಲ್ಡರ್ ಮರದ್ದು.

ಆದರೆ ಮರದ ಹೆಸರನ್ನಷ್ಟೇ ನಂಬಿ ಕೂರಬೇಡಿ. ಆ್ಯಶ್ ಮರವನ್ನೇ ತಗೊಳ್ಳಿ. ಅಮೆರಿಕದ ದಕ್ಷಿಣದ ಜೌಗು ನೆಲದಲ್ಲಿ, ಬುಡ ನೀರಲ್ಲಿ ಮುಳುಗಿ ಬೆಳೆದ ಆ್ಯಶ್ ಹಗುರ. ಉತ್ತರದ ಒಣನೆಲದ ಆ್ಯಶ್ ಮಣಭಾರ. 1970ರ ದಶಕದಲ್ಲಿ ಆ್ಯಶ್ ಮರದಿಂದ ಮಾಡಿದ ಎಷ್ಟೋ ಸ್ಟ್ರ್ಯಾಟ್‌ಗಳ ತೂಕದ ಗುಟ್ಟು ಇದೇ.

ಇನ್ನು ನಾದ. ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದು ಹಿಡಿಯುವುದು ತಂತಿಯ ಕಂಪನವನ್ನು, ಮರದ ದನಿಯನ್ನಲ್ಲ. ಆ ಕಂಪನವನ್ನು ಮರ ಒಂಚೂರು ಹೀರಬಹುದು, ಅಷ್ಟೆ. ಪಿಕಪ್ ಬದಲಿಸಿದರೆ, ಅಥವಾ ತಂತಿಗಳು ಒಡಲ ಮೇಲೆ ಆತುಕೊಳ್ಳುವ ಬ್ರಿಡ್ಜ್‌ನಿಂದ ಒಂದಿಂಚು ದೂರ ಸರಿಸಿದರೆ ಆಗುವ ವ್ಯತ್ಯಾಸದ ಮುಂದೆ ಇದು ತೀರಾ ಚಿಕ್ಕದು. ಇದು ನನ್ನ ನಿಲುವು. ವಾದಕರ ನಡುವೆ ಈ ಜಗಳ ಇನ್ನೂ ಮುಗಿದಿಲ್ಲ.

ಅಂದಹಾಗೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಗೂ ಇಲ್ಲಿ ಮರ್ಯಾದೆಯ ಜಾಗವಿದೆ. ಬೆರಳು ಒತ್ತುವ ಫಿಂಗರ್‌ಬೋರ್ಡ್‌ಗೆ ಎಷ್ಟೋ ಕಡೆ ಅದೇ ಬೇಕು: ಗಟ್ಟಿ, ಎಣ್ಣೆಯಂಶವಿರುವ, ಬೇಗ ಸವೆಯದ ಮರ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ತೂಕ ಹಾಕಿಸಿ. 4.5 ಕೆಜಿ ದಾಟಿದರೆ ಜೊತೆಗೊಂದು ಅಗಲವಾದ ಸ್ಟ್ರ್ಯಾಪ್ ತಗೊಳ್ಳಿ.