ಶರ್ಯತ್ತಿನ ಕಣದಲ್ಲಿ ಸಣ್ಣ ರೈತನ ಜೋಡಿ

ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿಯುತ್ತ ಬಂದ ಹಾಗೆ ಕೃಷ್ಣಾ, ದೂಧಗಂಗಾ ದಂಡೆಯ ಹಳ್ಳಿಗಳಲ್ಲಿ ಬ್ಯಾನರುಗಳು ಏಳುತ್ತವೆ. ಮೇಲೆ ಊರದೇವರ ಫೋಟೊ, ಪಕ್ಕಕ್ಕೆ ನಾಲ್ಕೈದು ಮಂದಿ ಮುಖಂಡರ ಮುಖ, ನಡುವೆ ಬಾಲವೆತ್ತಿ ಓಡುವ ಜೋಡಿ ಎತ್ತು. ಕೆಳಗೆ ಬಹುಮಾನದ ಪಟ್ಟಿ. ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಜನರಲ್ ಎತ್ತಿನ ಗಾಡಿ, ಕುದುರೆ ಗಾಡಿ, ಒಂದು ಕುದುರೆ ಒಂದು ಎತ್ತಿನ ಗಾಡಿ ಎಂದು ಬೇರೆ ಬೇರೆ ಗುಂಪು. ಚಹಾದಂಗಡಿ ಮುಂದೆ ಬೈಕ್ ನಿಲ್ಲಿಸಿದವರು ಅದರ ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಸಂಜೆಯೊಳಗೆ ಸುದ್ದಿ ಮಿರಜ, ಜಯಸಿಂಗಪುರದ ತನಕ ಮುಟ್ಟಿರುತ್ತದೆ.

ಹೊರಗಿನವರ ಕಣ್ಣಿಗೆ ಈ ಗಾಡಿ ಓಟದ ಶರ್ಯತ್ತು ಅರ್ಧ ದಿನದ ಜಾತ್ರೆಯ ಗದ್ದಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಎಷ್ಟೋ ಮನೆಗಳಿಗೆ ಇದು ವರ್ಷವಿಡೀ ನಡೆಯುವ ಕೆಲಸ. ಒಂದು ಗಾಡಿ ಎಂದರೆ ಒಂದು ತಂಡ. ಎತ್ತು ಸಾಕಿದ ಮಾಲಕ, ಗಾಡಿ ಹೊಡೆಯುವ ಹುಡುಗ, ಮೈ ತೊಳೆದು ಮೇವು ಹಾಕುವ ಅಣ್ಣತಮ್ಮಂದಿರು, ಟೆಂಪೊ ಬಾಡಿಗೆಗೆ ಕೈ ಹಚ್ಚುವ ಗೆಳೆಯರು, ಎತ್ತಿನ ಕಾಲು ಮುಟ್ಟಿಯೇ ನೋವು ಗುರುತಿಸುವ ಒಬ್ಬ ಹಿರಿಯ. ದೊಡ್ಡ ಮನೆತನಗಳ, ಗುತ್ತಿಗೆದಾರರ, ರಾಜಕಾರಣಿಗಳ ತಂಡಗಳ ಬಗ್ಗೆ ಪತ್ರಿಕೆಗಳಲ್ಲಿ ಆಗೀಗ ಬರುತ್ತದೆ. ನಾನು ಇಲ್ಲಿ ಪರಿಚಯಿಸಬೇಕೆಂದಿರುವುದು ಎರಡು-ಮೂರು ಎಕರೆಯ ರೈತನ ತಂಡವನ್ನು. ಬಹುಮಾನದ ಪಟ್ಟಿಯಲ್ಲಿ ಅದರ ಹೆಸರು ಅಪರೂಪಕ್ಕೆ ಕಾಣುತ್ತದೆ, ಆದರೆ ಶರ್ಯತ್ತಿನ ಮೈದಾನ ತುಂಬುವುದು ಅಂಥ ತಂಡಗಳಿಂದಲೇ.

ಶರ್ಯತ್ತಿನ ಬೇರು ಕಾರಹುಣ್ಣಿಮೆಯಲ್ಲಿದೆ. ಬಿತ್ತನೆಯ ಕಾಲಕ್ಕೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಇಳಿಹೊತ್ತಿಗೆ ಊರ ಅಗಸಿಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳ ಚಲೋ ಬರುತ್ತದೆ, ಕೆಂದೆತ್ತು ಬಂದರೆ ಮುಂಗಾರಿ ಪೀಕು ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಇದೇ ಹಬ್ಬಕ್ಕೆ ಗಡಿಯಾಚೆಯ ಶಿರೋಳ, ಇಚಲಕರಂಜಿ ಕಡೆ ಕರ್ನಾಟಕಿ ಬೇಂದೂರ ಎಂದೇ ಹೆಸರು. ಮಾಘದಲ್ಲಿ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಗಾಡಿ ಹೂಡಿಕೊಂಡು ಭಂಡಾರ ಬಳಿದುಕೊಂಡು ಬರುವ ಭಕ್ತರನ್ನು ನೋಡಿದರೆ ಎತ್ತಿಗೂ ಈ ಸೀಮೆಗೂ ಇರುವ ನಂಟು ತಿಳಿಯುತ್ತದೆ.

ಓಡುವ ಎತ್ತು ಖಿಲಾರಿ ತಳಿಯದು. ಇದೇ ಕೃಷ್ಣಾ ಕಣಿವೆಯ ಹೆಸರು ಹೊತ್ತ ಇನ್ನೊಂದು ತಳಿಯಿದೆ. ಸಾಂಗಲಿಯ ಪಟವರ್ಧನ ಸಂಸ್ಥಾನಿಕರ ಕಾಲದಲ್ಲಿ ಎರೆಭೂಮಿಯ ಭಾರದ ನೇಗಿಲಿಗೆಂದು ರೂಪುಗೊಂಡ ದೊಡ್ಡ ಮೈಯ ಎತ್ತು ಅದು. ಜಗ್ಗುವುದರಲ್ಲಿ ಗಟ್ಟಿ, ಓಟಕ್ಕೆ ಅಲ್ಲ. ಖಿಲಾರಿಯದು ಬಿಗಿದ ಮೈ, ನೀಳ ಕಾಲು, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೋಡು, ಬೂದುಬಿಳುಪು ಬಣ್ಣ. ಸಾತಾರಾ, ಸಾಂಗಲಿ, ಸೊಲ್ಲಾಪುರದಿಂದ ಬೆಳಗಾವಿ, ವಿಜಯಪುರದವರೆಗೆ ಅದರ ನಾಡು. ಕರುವಿನ ನಡಿಗೆ ನೋಡಿಯೇ ಶರ್ಯತ್ತಿಗೆ ಆಗುತ್ತದೋ ಇಲ್ಲವೋ ಎಂದು ಹೇಳುವ ಕಣ್ಣು ಕೆಲವರಿಗಿದೆ. ಸಂತೆಯಲ್ಲಿ ಅವರು ಮೊದಲು ತುಟಿ ಸರಿಸಿ ಬಾಯಿ ನೋಡುತ್ತಾರೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿ ಕೂಡಿದೆಯೋ. ಆಮೇಲೆ ಗೊರಸಿನ ಸೀಳು, ಮೊಣಕಾಲಿನ ಸಂದು, ಬೆನ್ನಿನ ಗೆರೆ. ಕೊನೆಗೆ ಕಣ್ಣು. ಅಂಜುಬುರುಕ ಎತ್ತು ಎಷ್ಟು ಓಡಿದರೂ ಜನರ ಕೂಗಿಗೆ ಬೆದರಿ ದಾರಿ ಬಿಡುತ್ತದೆ.

ಗಾಡಿಯನ್ನು ಹತ್ತಿರದಿಂದ ನೋಡಬೇಕು. ಕಬ್ಬು ಹೇರುವ ಟೈರ್ ಗಾಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಲಗೆಯ ಹಾಸಿಲ್ಲ, ಪಕ್ಕದ ಕಟಾಂಜನವಿಲ್ಲ. ಒಂದು ನೊಗ, ಒಂದು ಉದ್ದನೆಯ ಮೂಕಿ, ಹಗುರ ಚೌಕಟ್ಟು, ಎರಡು ಗಾಲಿ, ಒಬ್ಬ ಕಾಲೂರುವಷ್ಟು ಜಾಗ. ಚೌಕಟ್ಟಿನಲ್ಲಿ ಒಂದು ಕಿಲೊ ಕಡಿಮೆಯಾದರೂ ಎತ್ತಿನ ಹೆಗಲಿಗೆ ಗೊತ್ತಾಗುತ್ತದೆ. ಹಣವಿದ್ದವರು ಹಗುರಾದ ಹೊಸ ಗಾಡಿ ಮಾಡಿಸುತ್ತಾರೆ, ಗಾಲಿಯ ಬೇರಿಂಗನ್ನು ಮೇಲಿಂದ ಮೇಲೆ ಬದಲಿಸುತ್ತಾರೆ. ಇಲ್ಲದವರು ಯಾರೋ ಬಿಟ್ಟ ಹಳೆಯ ಗಾಡಿಯನ್ನು ಊರ ವೆಲ್ಡಿಂಗ್ ಅಂಗಡಿಗೆ ಒಯ್ದು, ಬಿರುಕು ಬಿಟ್ಟಲ್ಲಿ ಪಟ್ಟಿ ಹಾಕಿಸಿ, ಗ್ರೀಸ್ ತುಂಬಿಸಿ ತರುತ್ತಾರೆ. ಆ ಪಟ್ಟಿಯೇ ಭಾರ ಆಗುತ್ತದೆ.

ಆದರೂ ಗಾಡಿಯ ಖರ್ಚು ಒಂದು ಸಲದ್ದು. ತಂಡವನ್ನು ಹಣ್ಣು ಮಾಡುವುದು ಗೋದಲಿಯ ಖರ್ಚು. ದುಡಿಯುವ ಎತ್ತಿಗೆ ಕಣಿಕಿ, ಕಬ್ಬಿನ ವಾಡೆ, ಒಂದಿಷ್ಟು ಹಿಂಡಿ ಸಾಕು. ಶರ್ಯತ್ತಿನ ಎತ್ತಿಗೆ ನೆನೆಸಿದ ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ, ಗೋಧಿ ಹಿಟ್ಟು, ಹಾಲು, ಮೊಟ್ಟೆ ಬೇಕು. ನಸುಕಿನಲ್ಲಿ ಎಬ್ಬಿಸಿ ನಡೆಸಬೇಕು, ಹೊಳೆಯಲ್ಲಿ ಈಸಿಸಬೇಕು, ಮೈ ತಿಕ್ಕಬೇಕು. ಶರ್ಯತ್ತು ಇರುವುದು ವರ್ಷದ ಕೆಲವೇ ತಿಂಗಳು, ಎತ್ತಿನ ಹೊಟ್ಟೆ ಹನ್ನೆರಡು ತಿಂಗಳೂ ಇರುತ್ತದೆ. ಮನೆಯ ಮಕ್ಕಳಿಗೆ ತೆಗೆದಿಟ್ಟ ಹಾಲು ಎತ್ತಿನ ಬಕೆಟ್ಟಿಗೆ ಹೋಗುವುದನ್ನು ಮನೆಯ ಹೆಣ್ಣುಮಕ್ಕಳು ನೋಡುತ್ತಲೇ ಇರುತ್ತಾರೆ. ಹಿಂಡಿ ನೆನೆಸುವವರು, ಸಗಣಿ ಬಳಿಯುವವರು ಅವರೇ. ಬ್ಯಾನರಿನಲ್ಲಿ ಅವರ ಹೆಸರು ಎಂದೂ ಬರುವುದಿಲ್ಲ. ಈ ಆಟದ ಮೊದಲ ಪ್ರಾಯೋಜಕರು ಅವರು ಎಂದೇ ನಾನು ತಿಳಿದಿದ್ದೇನೆ.

ಎರಡು ಓಟದ ಎತ್ತು ಸಾಕುವ ಶಕ್ತಿ ಎಲ್ಲರಿಗೂ ಇಲ್ಲ. ಹಾಗಾಗಿ ಸಣ್ಣ ತಂಡಗಳು ಜೋಡಿ ಕೂಡಿಸುತ್ತವೆ. ನನ್ನದೊಂದು ಎತ್ತು, ನಿನ್ನದೊಂದು ಎತ್ತು. ಮಹಾರಾಷ್ಟ್ರದ ಕಡೆ ಇದನ್ನು ಪೈರಾ ಎನ್ನುತ್ತಾರೆ. ಕೂಡಿಸುವುದು ಬಾಯಿಮಾತಿನ ಕೆಲಸವಲ್ಲ. ಎತ್ತರ ಸರಿ ಇರಬೇಕು, ಹೆಜ್ಜೆಯ ಉದ್ದ ಒಂದಾಗಬೇಕು, ಒಂದು ಬಲಕ್ಕೆ ಒಗ್ಗಿದ್ದರೆ ಇನ್ನೊಂದು ಎಡಕ್ಕೆ ಒಗ್ಗಿರಬೇಕು. ಶ್ರೀಮಂತರ ಜೋಡಿ ದಿನಾ ಒಂದೇ ಕೊಟ್ಟಿಗೆಯಲ್ಲಿ ನಿಂತು, ಒಂದೇ ದಾರಿಯಲ್ಲಿ ನಡೆದು ಹೆಜ್ಜೆ ಕೂಡಿರುತ್ತದೆ. ಬೇರೆ ಬೇರೆ ಊರಿನ ಎರಡು ಎತ್ತು ಶರ್ಯತ್ತಿನ ಹಿಂದಿನ ದಿನ ಒಂದು ನೊಗಕ್ಕೆ ಬಂದರೆ, ಮೊದಲ ಓಟದಲ್ಲೇ ನೊಗ ಒಂದು ಕಡೆ ಜಗ್ಗುತ್ತದೆ. ಜನ ಇದನ್ನು ಎತ್ತಿನ ಸೋಲು ಎನ್ನುತ್ತಾರೆ. ಅದು ರೊಕ್ಕದ ಸೋಲು.

ಶರ್ಯತ್ತಿನ ದಿನದ ಲೆಕ್ಕ ಹೀಗೆ. ಪ್ರವೇಶ ಫೀ, ಎತ್ತು ಒಯ್ಯುವ ಟೆಂಪೊ ಬಾಡಿಗೆ, ಬಂದವರ ಊಟ, ಗಾಡಿ ಹೊಡೆಯುವವನ ಕೈಖರ್ಚು. ಬಹುಮಾನ ಬರುವುದು ಮೊದಲ ಮೂರು-ನಾಲ್ಕು ಗಾಡಿಗೆ. ಮೇಲಿನ ಬಹುಮಾನ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ಬೈಕ್ ಹೋಗಿ ಟ್ರ್ಯಾಕ್ಟರ್ ಬಂತು, ಸಾಂಗಲಿ ಜಿಲ್ಲೆಯಲ್ಲಿ ಥಾರ್ ಜೀಪು ಇಟ್ಟದ್ದೂ ಆಯಿತು. ಐದನೆಯವನಿಗೆ, ಹತ್ತನೆಯವನಿಗೆ ಬರಿಗೈ.

ಈ ಕಷ್ಟ ನಮ್ಮ ಹಳ್ಳಿಗಳದ್ದಷ್ಟೇ ಅಲ್ಲ. ಅಮೆರಿಕದಲ್ಲಿ 1948ರಲ್ಲಿ ಹುಟ್ಟಿದ ನಾಸ್ಕಾರ್ ಕಾರ್ ಓಟ, ಮನೆಯಲ್ಲಿ ಓಡಿಸುವ ಮಾದರಿಯ ಕಾರುಗಳ ಪಂದ್ಯವೆಂದೇ ಹೆಸರಾದದ್ದು. ಹಣ ಸುರಿಯತೊಡಗಿದ ಮೇಲೆ ಅಲ್ಲಿನ ಸಣ್ಣ ತಂಡಗಳಿಗೆ ಟೈರ್ ಕೊಳ್ಳುವುದೂ ಭಾರವಾಯಿತು. ಕೆಲವು ತಂಡಗಳು ಓಟಕ್ಕೆ ನಿಂತು, ನಾಲ್ಕು ಸುತ್ತು ಹಾಕಿ, ಕಾರು ಬದಿಗಿಟ್ಟು ಕೊನೆಯ ಸ್ಥಾನಕ್ಕೆ ಸಿಗುವ ಹಣ ತೆಗೆದುಕೊಂಡು ಮನೆಗೆ ಹೋಗುತ್ತಿದ್ದವು. ಅಲ್ಲಿನ ಅಭಿಮಾನಿಗಳು ಅದನ್ನು ಹಳಿದರು. ನನಗೆ ಅದರಲ್ಲಿ ಕಂಡದ್ದು ಬೇರೆ: ಕೊನೆಯವನಿಗೂ ಇಷ್ಟು ಎಂದು ಕೊಡುವ ಪದ್ಧತಿ ಅಲ್ಲಿತ್ತು. ನಮ್ಮಲ್ಲಿ ಅದೂ ಇಲ್ಲ.

ನಮ್ಮ ಶರ್ಯತ್ತಿಗೆ ನಡುವೆ ಕಾಯಿದೆಯ ವನವಾಸವೊಂದು ಬಂತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜತೆಗೆ ಗಾಡಿ ಶರ್ಯತ್ತನ್ನೂ ನಿಲ್ಲಿಸಿತು. 2017ರಲ್ಲಿ ಕಂಬಳದ ಹೋರಾಟದ ಹಿನ್ನೆಲೆಯಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಾಗ ಎತ್ತಿನ ಗಾಡಿ ಓಟವೂ ಅದರಲ್ಲಿ ಸೇರಿತು. ಮಹಾರಾಷ್ಟ್ರವೂ ಅದೇ ವರ್ಷ ಕಾಯಿದೆ ಮಾಡಿತು, ಆದರೆ ಬಾಂಬೆ ಹೈಕೋರ್ಟು ತಡೆಯಿತು. ಅಲ್ಲಿ ಮತ್ತೆ ಗಾಡಿ ಓಡಿದ್ದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅನುಮತಿ ಕೊಟ್ಟ ಮೇಲೆ. ಹೊಲದ ಬದು ದಾಟಿದರೆ ಬೇರೆ ರಾಜ್ಯ ಎನ್ನುವ ಕಾಗವಾಡ, ನಿಪ್ಪಾಣಿಯಂಥ ಕಡೆ, ಈಚೆ ಬದಿ ಸರಿಯಾದದ್ದು ಆಚೆ ಬದಿ ಅಪರಾಧವಾಗಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ಮೂರೂ ಕಾಯಿದೆಗಳನ್ನು ಎತ್ತಿಹಿಡಿಯಿತು. ನಿಷೇಧದ ವರ್ಷಗಳಲ್ಲಿ ದೊಡ್ಡವರು ಎತ್ತುಗಳನ್ನು ಕಟ್ಟಿ ಕಾದರು. ಕಾಯುವ ಶಕ್ತಿ ಇಲ್ಲದವರು ಸಂತೆಗೆ ಹೊಡೆದರು. ಬಾಗಿಲು ತೆರೆದಾಗ ಮೈದಾನಕ್ಕೆ ತಯಾರಿದ್ದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎತ್ತಿಗೆ ಹಿಂಸೆಯಾಗುತ್ತದೆಂದು ಕೋರ್ಟಿಗೆ ಹೋದವರ ಆತಂಕ ಸುಳ್ಳೇನೂ ಆಗಿರಲಿಲ್ಲ. ಬಾರಕೋಲಿಗೆ ಮೊಳೆ ಕಟ್ಟಿದ್ದು, ಬಾಲ ತಿರುಚಿದ್ದು ಈ ಸೀಮೆಯ ಜನ ಕಣ್ಣಾರೆ ಕಂಡದ್ದೇ. ಮಹಾರಾಷ್ಟ್ರದ ನಿಯಮಗಳು ಓಟವನ್ನು 1000 ಮೀಟರಿಗೆ ಮಿತಿಗೊಳಿಸಿವೆ, ಎತ್ತಿನ ಜತೆ ಕುದುರೆ ಹೂಡುವುದನ್ನು ನಿಷೇಧಿಸಿವೆ. ಅದು ಸರಿಯಾದ ನಿಯಮ. ಕುದುರೆಯ ನೆಗೆತವೇ ಬೇರೆ, ಎತ್ತಿನ ಓಟವೇ ಬೇರೆ; ಒಂದೇ ನೊಗದಲ್ಲಿ ಎರಡಕ್ಕೂ ಹಿಂಸೆ. ನಮ್ಮ ಬ್ಯಾನರುಗಳಿಂದಲೂ ಒಂದು ಕುದುರೆ ಒಂದು ಎತ್ತಿನ ಗುಂಪು ಹೋಗಬೇಕು. ಡಾಂಬರು ರಸ್ತೆಯ ಓಟವೂ ನಿಲ್ಲಬೇಕು, ಗೊರಸಿಗೆ ಮಣ್ಣೇ ಬೇಕು.

ಸಣ್ಣ ತಂಡಕ್ಕೆ ಗೆಲುವು ಬರುವುದೇ ಇಲ್ಲವೆಂದಲ್ಲ. ಎಲ್ಲೋ ಒಂದು ಜಾತ್ರೆಯಲ್ಲಿ ಹೆಸರಿಲ್ಲದ ಊರಿನ ಎರಡು ಹಲ್ಲಿನ ಹೋರಿ ಎಲ್ಲರನ್ನೂ ಹಿಂದೆ ಹಾಕುತ್ತದೆ. ಗುಲಾಲು ಹಾರುತ್ತದೆ, ಹಲಗಿ ಬಡಿಯುತ್ತದೆ. ಗುಲಾಲು ಆರುವ ಮೊದಲೇ ದೊಡ್ಡ ತಂಡದವರು ಮಾಲಕನ ಹೆಗಲ ಮೇಲೆ ಕೈ ಹಾಕಿ ಬದಿಗೆ ಕರೆದೊಯ್ಯುತ್ತಾರೆ. ಲಕ್ಷಗಳ ಮಾತು ನಡೆಯುತ್ತದೆ. ಸೊಸೈಟಿ ಸಾಲ, ಮಗಳ ಮದುವೆ, ಬೋರ್‌ವೆಲ್ ಕಣ್ಣ ಮುಂದೆ ಬರುತ್ತವೆ. ಎತ್ತು ಹೋಗುತ್ತದೆ. ಮುಂದಿನ ಜಾತ್ರೆಯಲ್ಲಿ ಅದೇ ಎತ್ತು ಬೇರೆಯವರ ಹೆಸರಿನಲ್ಲಿ ಗೆಲ್ಲುತ್ತದೆ, ಕಟ್ಟಿ ಬೆಳೆಸಿದವನು ಹಗ್ಗದಾಚೆ ನಿಂತು ನೋಡುತ್ತಾನೆ. ಮಾರಿದ್ದು ತಪ್ಪೆಂದು ನಾನು ಎಂದೂ ಹೇಳಲಾರೆ. ಓಟದ ಎತ್ತು ಹುಟ್ಟುವುದು, ಪಳಗುವುದು ಬಹುಪಾಲು ಇಂಥ ಸಣ್ಣ ಕೊಟ್ಟಿಗೆಗಳಲ್ಲಿ. ಟ್ರ್ಯಾಕ್ಟರ್ ಬಂದ ಮೇಲೂ ಹಳ್ಳಿಗಳಲ್ಲಿ ಖಿಲಾರಿ ಹೋರಿಗರು ಉಳಿದಿದ್ದರೆ ಅದಕ್ಕೆ ಶರ್ಯತ್ತಿನ ಆಸೆಯೂ ಒಂದು ಕಾರಣ. ಆ ಕೊಟ್ಟಿಗೆಗಳು ಖಾಲಿಯಾದರೆ ದೊಡ್ಡವರು ಕೊಳ್ಳುವುದಾದರೂ ಏನನ್ನು?

ಜಾತ್ರಾ ಕಮಿಟಿಗಳ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟು. ಮೊದಲ ಬಹುಮಾನವನ್ನು ಇನ್ನಷ್ಟು ದೊಡ್ಡದು ಮಾಡುವ ಬದಲು ಅದೇ ಹಣವನ್ನು ಹತ್ತನೆಯ ಗಾಡಿಯ ತನಕ ಹಂಚಿ. ಹೊಲದಲ್ಲಿ ದುಡಿಯುವ ಎತ್ತುಗಳಿಗೆಂದೇ ಒಂದು ಗುಂಪು ಇಡಿ, ಅದಕ್ಕೆ ಪ್ರವೇಶ ಫೀ ಬೇಡ. ದೂರದಿಂದ ಬಂದ ಸಣ್ಣ ತಂಡಕ್ಕೆ ಟೆಂಪೊ ಬಾಡಿಗೆಯಾದರೂ ಕೊಟ್ಟು ಕಳಿಸಿ. ಪಶುವೈದ್ಯರು ನೋಡದ ಎತ್ತನ್ನು ಗೆರೆಯ ಮೇಲೆ ನಿಲ್ಲಿಸಬೇಡಿ, ಬಾರಕೋಲು ಹಿಡಿದವನನ್ನು ಅಲ್ಲೇ ಹೊರಗೆ ಹಾಕಿ. ಬ್ಯಾನರಿನಲ್ಲಿ ಒಬ್ಬ ಮುಖಂಡರ ಫೋಟೊ ಕಡಿಮೆ ಮಾಡಿ, ಆ ಜಾಗದಲ್ಲಿ ಹೋದ ವರ್ಷ ಗೆದ್ದ ಎತ್ತನ್ನು ಸಾಕಿದ ಮನೆಯ ಹೆಸರು ಬರೆಸಿ.