ಕವರ್ ಮೇಲೆ ಹೆಸರು ನೆಟ್ಟಗೆ, ನಡುವೆ ಕೂರಬೇಕಾ?

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಮುಜುಗರದಿಂದ. ಅಕ್ಕನ ಮದುವೆ ಪತ್ರಿಕೆಗಳ ಕವರ್ ಮೇಲೆ ವಿಳಾಸ ನಾನೇ ಕೈಯಲ್ಲಿ ಬರೀತೀನಿ ಅಂತ ಒಪ್ಕೊಂಡಿದ್ದೆ. ಮೊದಲನೆಯದು ದೊಡ್ಡಪ್ಪನದು. ಹೆಸರು ಎಡಗಡೆ ದೊಡ್ಡದಾಗಿ ಶುರುವಾಗಿ, ಬಲಗಡೆ ಜಾಗ ಸಾಲದೆ ಇಕ್ಕಟ್ಟಾಗಿ, ಕೆಳಗೆ ಜಾರಿಬಿಡ್ತು. ಅಪ್ಪ ನೋಡಿ, "ಮನೆಗೆ ಹಿರಿಯರ ಹೆಸರು ಹಿಂಗಾ ಬರೆಯೋದು?" ಅಂದ್ರು. ಆ ದಿನ 22 ಕವರ್ ಹಾಳಾಯ್ತು. ಒಂದಕ್ಕೆ 12 ರೂಪಾಯಿ, ಒಟ್ಟು 264. ಬಿಕಾಂ ಓದಿದವನಿಗೆ ಈ ಲೆಕ್ಕ ಚುಚ್ಚದೆ ಇರುತ್ತಾ?

ಮೊದಲ ಸಾಧನ ಗೆರೆಹಾಳೆ. ಕವರ್ ಒಳಗೆ ಸರಿಯಾಗಿ ಕೂರೋ ಹಾಗೆ ಬಿಳಿ ಹಾಳೆ ಕತ್ತರಿಸಿ, ಕಪ್ಪು ಪೆನ್ನಲ್ಲಿ ಅಡ್ಡಗೆರೆ, ನಡುವೆ ಒಂದು ಉದ್ದಗೆರೆ ಎಳೀರಿ. ತೆಳು ಕವರ್ ಆದ್ರೆ ಗೆರೆ ಹೊರಗೇ ಕಾಣುತ್ತೆ. ದಪ್ಪ ಆದ್ರೆ ಗಾಜಿನ ಟೀಪಾಯಿ ಕೆಳಗೆ ಮೊಬೈಲ್ ಟಾರ್ಚ್ ಇಡಿ. ಮುಚ್ಚಳ ಬಿಚ್ಚಿಡಿ, ಇಲ್ಲಾಂದ್ರೆ ಅದರ ನೆರಳು ಅಡ್ಡ ಬರುತ್ತೆ. ಪತ್ರಿಕೆಯನ್ನ ಬರೆದಾದ ಮೇಲೆ ಒಳಗೆ ಹಾಕಿ.

ಮೆರೂನ್ ಥರದ ಗಾಢ ಬಣ್ಣದಲ್ಲಿ ಬೆಳಕು ದಾಟಲ್ಲ. ಅಲ್ಲಿ ಸ್ಕೇಲ್ ಇಟ್ಟು ಬಿಳಿ ಪೆನ್ಸಿಲಲ್ಲಿ ತೆಳುವಾಗಿ ಗೆರೆ ಎಳೆದು, ಶಾಯಿ ಪೂರ್ತಿ ಒಣಗಿದ ಮೇಲೆ ಅಳಿಸಬೇಕು. ಟೈಲ್ಸ್ ಹಾಕೋರ ಹತ್ರ ಇರೋ ಲೇಸರ್ ಲೆವೆಲ್ ಕೂಡ ಕೆಲಸಕ್ಕೆ ಬರುತ್ತೆ. ಅದರ ಬೆಳಕಿನ ಗೆರೆ ಮೇಲೇ ಬರೀಬಹುದು, ಅಳಿಸೋ ತಾಪತ್ರಯ ಇಲ್ಲ. ಆ ಕಿರಣವನ್ನ ಮಾತ್ರ ನೇರವಾಗಿ ನೋಡಬೇಡಿ.

ನಾನು ಎಡವಿದ್ದು ಕನ್ನಡದ ವಿಷಯದಲ್ಲೇ. ರೆಡಿಮೇಡ್ ಸಿಕ್ಕ ಗೆರೆಹಾಳೆ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. ನಮ್ಮಲ್ಲಿ ಒತ್ತಕ್ಷರ ಗೆರೆಯಿಂದ ಕೆಳಗಿಳಿಯುತ್ತೆ, ಗುಡಿಸು ಮೇಲೇರುತ್ತೆ. "ಜ್ಯೋತ್ಸ್ನಾ" ಅಂತ ಬರೆದು ನೋಡಿ, ಒಂದೇ ಅಕ್ಷರಕ್ಕೆ ಎರಡು ಒತ್ತು! ಹಾಗಾಗಿ 6 ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ನಾನೀಗ ಸಾಲಿಂದ ಸಾಲಿಗೆ 15 ಮಿಲಿಮೀಟರ್ ಬಿಡ್ತೀನಿ.

ನಡುವೆ ಕೂರಿಸೋಕೂ ಅಕ್ಷರ ಎಣಿಸಿದ್ರೆ ಆಗಲ್ಲ. "ಯ" ಅಗಲ, "ರ" ಚಿಕ್ಕದು. ರಫ್ ಹಾಳೆಯಲ್ಲಿ ಅದೇ ಅಳತೆಗೆ ಹೆಸರು ಬರೆದು ಸ್ಕೇಲಲ್ಲಿ ಅಳೀರಿ. ಹೆಸರು 8 ಸೆಂಟಿಮೀಟರ್, ಕವರ್ 22 ಅಂದ್ಕೊಳ್ಳಿ. 22ರಲ್ಲಿ 8 ಕಳೆದ್ರೆ 14, ಅದರರ್ಧ 7. ಎಡ ಅಂಚಿಂದ 7 ಸೆಂಟಿಮೀಟರ್ ಬಿಟ್ಟು ಶುರು ಮಾಡಿ. ಅಂಚೆಗೆ ಹಾಕೋದಾದ್ರೆ ಬಲಗಡೆ ಮೇಲ್ಮೂಲೆ ಸ್ಟ್ಯಾಂಪಿಗೆ ಖಾಲಿ ಇರಲಿ, 6 ಅಂಕಿಯ ಪಿನ್‌ಕೋಡ್ ಮರೀಬೇಡಿ.

ದೊಡ್ಡಪ್ಪನ ಕವರ್ ಹೊಸದಾಗಿ ಬರೆದೆ. ಅರಿಶಿನ ಕುಂಕುಮ ಹಚ್ಚಿ ಅಪ್ಪನೇ ತಗೊಂಡು ಹೋಗಿ ಕೊಟ್ರು. ಅಕ್ಷರದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನನಗೆ ಬೇಕಾಗಿದ್ದೂ ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.