ರದ್ದಿ ಕಾಗದದ ಬೆಳವಣಿಗೆ: ದೇಶ ದೇಶಗಳ ಲೆಕ್ಕವನ್ನು ಓದುವ ಬಗೆ

ಹೂವಿನಹಡಗಲಿಯ ಪೇಟೆಯಲ್ಲಿ ಮಲ್ಲಿಗೆಗೆ ಇರುವ ಹೆಸರು ರದ್ದಿ ಕಾಗದಕ್ಕಿಲ್ಲ. ಆದರೂ ಕಿರಾಣಿ, ಜವಳಿ, ಔಷಧ ಅಂಗಡಿಗಳಲ್ಲಿ ದಿನವೂ ಬಿಚ್ಚುವ ರಟ್ಟಿನ ಪೆಟ್ಟಿಗೆ, ಮನೆಗಳ ಹಳೆಯ ಪತ್ರಿಕೆ, ಶಾಲಾ ವರ್ಷ ಮುಗಿದಾಗ ಹೊರಬೀಳುವ ನೋಟ್‌ಪುಸ್ತಕ ಇವೆಲ್ಲವೂ ಗುಜರಿ ವ್ಯಾಪಾರಿಯ ತಕ್ಕಡಿಯನ್ನು ಹಾದು ಕಾಗದ ಕಾರ್ಖಾನೆಯ ಕಚ್ಚಾ ಸಾಮಗ್ರಿಯಾಗುತ್ತವೆ. ಇದರ ದರವು ಊರಿನ ಬೇಡಿಕೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಚೀನಾ, ಅಮೆರಿಕಗಳ ವಿದ್ಯಮಾನಗಳೂ ಅದನ್ನು ಏರಿಳಿಸುತ್ತವೆ. ಆದ್ದರಿಂದ ವಿವಿಧ ದೇಶಗಳ ಬೆಳವಣಿಗೆಯ ಅಂಕಿಗಳನ್ನು ಓದುವ ಕ್ರಮವನ್ನು ವರ್ತಕರು ಅರಿತಿರುವುದು ಲೇಸು.

‘ಉತ್ಪಾದನೆ’ ಎಂದರೇನು?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿ-ಅಂಶಗಳಲ್ಲಿ ರದ್ದಿ ಕಾಗದದ ‘ಉತ್ಪಾದನೆ’ ಎಂಬ ಶೀರ್ಷಿಕೆ ಕಾಣಸಿಗುತ್ತದೆ. ಇದು ಕಾರ್ಖಾನೆ ತಯಾರಿಸಿದ ಕಾಗದವಲ್ಲ. ಮರುಬಳಕೆಗಾಗಿ ಅಥವಾ ಮಾರಾಟಕ್ಕಾಗಿ ಆ ದೇಶದೊಳಗೆ ಸಂಗ್ರಹವಾದ ಹಳೆಯ ಕಾಗದ ಮತ್ತು ಚೂರುಪಾರು. ಇದಕ್ಕೆ ಆಮದನ್ನು ಕೂಡಿಸಿ ರಫ್ತನ್ನು ಕಳೆದರೆ ದೇಶದ ಬಳಕೆ ತಿಳಿಯುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸಂಗ್ರಹವಾಗುವ ಮೊತ್ತ 20 ಕೋಟಿ ಟನ್‌ಗಳಿಗೂ ಮಿಗಿಲು.

ಶೇಕಡಾವಾರು ಬೆಳವಣಿಗೆಯನ್ನು ನೋಡುವಾಗ ಮೂಲ ಪ್ರಮಾಣವನ್ನು ಮರೆಯಬಾರದು. ಒಬ್ಬ ವ್ಯಾಪಾರಿಯ ಸಂಗ್ರಹ 10 ಟನ್‌ಗಳಿಂದ 15 ಟನ್‌ಗಳಿಗೂ, ಇನ್ನೊಬ್ಬನದು 1,000 ಟನ್‌ಗಳಿಂದ 1,100 ಟನ್‌ಗಳಿಗೂ ಏರಿತೆಂದು ಭಾವಿಸೋಣ. ಮೊದಲನೆಯವನ ಬೆಳವಣಿಗೆ ಶೇ. 50, ಎರಡನೆಯವನದು ಶೇ. 10 ಮಾತ್ರ. ಆದರೆ ಪೇಟೆಗೆ ಬಂದ ಹೆಚ್ಚುವರಿ ಸರಕಿನಲ್ಲಿ 5 ಟನ್ ಮೊದಲನೆಯವನದು, 100 ಟನ್ ಎರಡನೆಯವನದು. ದೇಶಗಳ ಲೆಕ್ಕವೂ ಹೀಗೆಯೇ.

ಮೂರು ದೇಶ, ಮೂರು ಪಾಠ

ಅಮೆರಿಕದಲ್ಲಿ 1990ರ ಸುಮಾರಿಗೆ ಬಳಕೆಯಾದ ಕಾಗದದಲ್ಲಿ ಮೂರನೆಯ ಒಂದು ಭಾಗ ಮಾತ್ರ ಮರಳಿ ಸಂಗ್ರಹವಾಗುತ್ತಿತ್ತು; 2010ರ ದಶಕದಲ್ಲಿ ಅದು ಮೂರನೆಯ ಎರಡು ಭಾಗದಷ್ಟಾಯಿತು. ಅಂಥ ಮಟ್ಟವನ್ನು ಮುಟ್ಟಿದ ದೇಶದಲ್ಲಿ ಮುಂದಿನ ಬೆಳವಣಿಗೆ ನಿಧಾನವಾಗುವುದು ಸಹಜ.

ಜಪಾನ್ ತಾನು ಬಳಸುವ ಕಾಗದದಲ್ಲಿ ಸುಮಾರು ಶೇ. 80ರಷ್ಟನ್ನು ಸಂಗ್ರಹಿಸುತ್ತದೆ. ಆದರೂ ಅಲ್ಲಿನ ಸಂಗ್ರಹದ ತೂಕ ಇಳಿಮುಖವಾಗಿದೆ. 2000ದಲ್ಲಿ 5 ಕೋಟಿಗೂ ಹೆಚ್ಚಿದ್ದ ದಿನಪತ್ರಿಕೆಗಳ ಪ್ರಸಾರ 2023ರ ವೇಳೆಗೆ 3 ಕೋಟಿಗಿಂತ ಕೆಳಗಿಳಿದುದು ಇದಕ್ಕೊಂದು ಕಾರಣ. ತೂಕ ಕುಗ್ಗಿತೆಂದ ಮಾತ್ರಕ್ಕೆ ಶಿಸ್ತು ಕುಗ್ಗಿತೆಂದಲ್ಲ.

ಚೀನಾ 2016ರಲ್ಲಿ ಸುಮಾರು 2.8 ಕೋಟಿ ಟನ್ ರದ್ದಿಯನ್ನು ಆಮದು ಮಾಡಿಕೊಂಡಿತ್ತು. 2018ರ ಆರಂಭದಲ್ಲಿ ವಿಂಗಡಿಸದ ಮಿಶ್ರ ಕಾಗದವನ್ನು ನಿಷೇಧಿಸಿ, ಉಳಿದ ರದ್ದಿಯಲ್ಲಿ ಕಲ್ಮಶ ಶೇ. 0.5 ಮೀರಬಾರದೆಂದು ವಿಧಿಸಿತು. 2021ರ ಜನವರಿಯಿಂದ ಘನತ್ಯಾಜ್ಯದ ಆಮದನ್ನೇ ನಿಲ್ಲಿಸಿತು. ಅಮೆರಿಕದಲ್ಲಿ ಮಿಶ್ರ ಕಾಗದದ ಬೆಲೆ ನೆಲಕಚ್ಚಿತು. ಭಾರತದ ಕಡೆಗೂ ಆ ಸರಕು ಹರಿದುಬಂದಿತು. ಮುಂದೆ ಚೀನಾದ ಖರೀದಿದಾರರು ಭಾರತದ ಕ್ರಾಫ್ಟ್ ಕಾಗದದತ್ತ ತಿರುಗಿದರು. ಕೋವಿಡ್‌ನಿಂದ ಸಂಗ್ರಹಣೆ ಕುಸಿದು, ಹಡಗಿನ ಬಾಡಿಗೆಯೂ ಏರಿದ್ದರಿಂದ 2020-21ರಲ್ಲಿ ರದ್ದಿ ಮತ್ತು ಕ್ರಾಫ್ಟ್ ಎರಡೂ ತುಟ್ಟಿಯಾದವು. ನಿಗದಿತ ದರಕ್ಕೆ ಪೆಟ್ಟಿಗೆ ಪೂರೈಸಲು ಒಪ್ಪಿದ್ದ ಸಣ್ಣ ತಯಾರಕರು ಇದರಿಂದ ಸಂಕಟಕ್ಕೆ ಸಿಲುಕಿದರು.

ಭಾರತದ ಲೆಕ್ಕಕ್ಕೆ ಸಿಗದ ಕಾಗದ

ಭಾರತದ ಸಂಗ್ರಹಣೆಯ ಪ್ರಮಾಣ ಜಪಾನ್, ಜರ್ಮನಿಗಳಿಗಿಂತ ಬಹಳ ಕಡಿಮೆ. ಕಾಗದವನ್ನು ಪೋಲು ಮಾಡುವುದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಹಳೆಯ ಪತ್ರಿಕೆ ಅಂಗಡಿಯಲ್ಲಿ ಪೊಟ್ಟಣವಾಗುತ್ತದೆ, ಮಿರ್ಚಿ-ಮಂಡಕ್ಕಿಗೆ ಹಾಸಾಗುತ್ತದೆ, ಪುಸ್ತಕಕ್ಕೆ ಹೊದಿಕೆಯಾಗುತ್ತದೆ. ಎರಡನೆಯ ಬಾರಿ ದುಡಿದರೂ ಎಣ್ಣೆ, ಮಣ್ಣು ಅಂಟಿದ ಆ ಕಾಗದ ಕಾರ್ಖಾನೆಯನ್ನು ಸೇರದು, ಅಂಕಿಗಳಲ್ಲಿ ಕಾಣದು. ಪತ್ರಿಕೆಯಲ್ಲಿ ಆಹಾರ ಕಟ್ಟಿಕೊಡಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೂ ಎಚ್ಚರಿಸಿದೆ. ಆ ಪತ್ರಿಕೆ ಶುಚಿಯಾಗಿಯೇ ತಕ್ಕಡಿಗೆ ಬಂದರೆ ಆರೋಗ್ಯಕ್ಕೂ ವ್ಯಾಪಾರಕ್ಕೂ ಹಿತ. ನಂಜನಗೂಡಿನ ಸೌತ್ ಇಂಡಿಯಾ ಪೇಪರ್ ಮಿಲ್ಸ್‌ನಂತಹ, ರದ್ದಿಯನ್ನೇ ನೆಚ್ಚಿದ ಕಾರ್ಖಾನೆಗಳು ರಾಜ್ಯದಲ್ಲಿಯೇ ಇವೆ.

ವರ್ತಕರು ಗಮನಿಸಬೇಕಾದುದು

1. ರಟ್ಟು, ಪತ್ರಿಕೆ, ಬಿಳಿ ಕಾಗದಗಳನ್ನು ಬೇರ್ಪಡಿಸಿ ಒಣದಾಗಿ ಇಡಬೇಕು. ತೇವ ಹಾಗೂ ಕಲ್ಮಶಕ್ಕೆ ಖರೀದಿದಾರರು ತೂಕದಲ್ಲಿ ಕಡಿತ ಮಾಡುತ್ತಾರೆ.

2. ದರ ಏರುವುದೆಂಬ ನಿರೀಕ್ಷೆಯೊಂದರಿಂದಲೇ ಸಾಲ ಮಾಡಿ ದಾಸ್ತಾನು ಮಾಡುವುದು ಅಪಾಯಕರ. ಬಡ್ಡಿ, ಗೋದಾಮಿನ ಬಾಡಿಗೆ, ತೂಕದ ನಷ್ಟಗಳನ್ನು ಮೊದಲೇ ಲೆಕ್ಕ ಹಾಕಬೇಕು.

3. ನೋಂದಣಿಯಿಲ್ಲದ ಮನೆಯವರಿಂದ ಕೊಂಡ ರದ್ದಿಗೆ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ದೊರೆಯದು. ಆದ್ದರಿಂದ ಖರೀದಿ ವೋಚರು, ತೂಕದ ಚೀಟಿಗಳನ್ನು ಕ್ರಮವಾಗಿಟ್ಟು, ಮಾರಾಟದ ತೆರಿಗೆಯನ್ನು ಗಣಿಸಿಯೇ ಲಾಭಾಂಶವನ್ನು ನಿಗದಿಪಡಿಸಬೇಕು.

4. ಪೆಟ್ಟಿಗೆ ತಯಾರಕರು ದೀರ್ಘಾವಧಿಯ ಒಪ್ಪಂದಗಳಲ್ಲಿ ಕ್ರಾಫ್ಟ್ ದರಕ್ಕೆ ಅನುಗುಣವಾಗಿ ಬೆಲೆ ಪರಿಷ್ಕರಿಸುವ ಷರತ್ತನ್ನು ಸೇರಿಸಬೇಕು.

ಯಾವ ದೇಶ ಎಷ್ಟು ಶೇಕಡಾ ಬೆಳೆಯಿತೆಂಬುದಕ್ಕಿಂತ ಹೆಚ್ಚುವರಿ ಸರಕು ಎಷ್ಟು, ಅದನ್ನು ಕೊಳ್ಳುವವರು ಯಾರು, ಅವರು ನಾಳೆ ಬಾಗಿಲು ಮುಚ್ಚಿದರೆ ಅದು ಎಲ್ಲಿಗೆ ಹೋದೀತು ಎಂಬ ಮೂರು ಪ್ರಶ್ನೆಗಳೇ ಮುಖ್ಯ. ಇವನ್ನು ಕೇಳಿಕೊಂಡು ವ್ಯವಹರಿಸುವ ವರ್ತಕನಿಗೆ ಹೊರದೇಶದ ಸುದ್ದಿ ದಿಢೀರ್ ಆಘಾತವಾಗದೆ ಮುನ್ಸೂಚನೆಯಾಗುತ್ತದೆ.